ಹಸಿ ಗೋಡೆ

ನಜ್ಮಾಳ ಸಿಟ್ಟು ಉಣಕಲ್ಲಿನ ಆ ಓಣಿಗೆ ಹೊಸದೇನೂ ಅಲ್ಲ. ಅವಳು ಏರುದನಿಯಲ್ಲಿ ಕೂಗಾಡಿದರೆ ಜನ ಅದನ್ನು ಜಗಳವೆಂದು ಎಣಿಸುತ್ತಲೇ ಇರಲಿಲ್ಲ. ನಜ್ಮಾ ಮಾತಾಡುತ್ತಿದ್ದಾಳೆ ಎಂದುಕೊಂಡು ತಮ್ಮ ಪಾಡಿಗೆ ತಾವಿರುತ್ತಿದ್ದರು. ನಿಜವಾದ ಸಿಟ್ಟು ಬಂದಾಗ ಅವಳ ದನಿ ಇಳಿಯುತ್ತಿತ್ತು. ಆಗ ಮಾತ್ರ ಓಣಿಯ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು.

ಮೇ ತಿಂಗಳ ಒಂದು ಮಧ್ಯಾಹ್ನ, ಗದಗಿನಲ್ಲಿ ತಂಗಿಯ ಬಾಣಂತನ ಮುಗಿಸಿಕೊಂಡು ಬಂದ ನಜ್ಮಾ, ಆಟೋದವನ ಜೊತೆ ವಾಡಿಕೆಯಂತೆ ಕಿತ್ತಾಡಿ, ಚೀಲವನ್ನು ಹೆಗಲಿಗೇರಿಸಿ ಓಣಿಯ ತಿರುವು ದಾಟಿದಳು. ಅವಳ ಮನೆ ಇರಬೇಕಾದ ಜಾಗದಲ್ಲಿ ಪಿಸ್ತಾ ಬಣ್ಣದ ಒಂದು ಡಬ್ಬಿ ನಿಂತಿತ್ತು. ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ಮಾಲೆ. ಬಾಗಿಲ ಮುಂದೆ ಹೊಸ ಟೊಪ್ಪಿಗೆ ಹಾಕಿಕೊಂಡ ಅಪ್ಪ ಶರೀಫಸಾಬ, ಮಿಠಾಯಿ ಡಬ್ಬಿ ಹಿಡಿದ ತಮ್ಮ ಇಕ್ಬಾಲ, ಅವರ ಹಿಂದೆ ಮಗಳು ಬುಶ್ರಾ. ಮೂವರ ಮುಖದಲ್ಲೂ ಒಂದೇ ನಗು.

ನಜ್ಮಾ ಚೀಲವನ್ನು ನೆಲಕ್ಕಿಟ್ಟಳು.

"ಇದ ಯಾರ ಮನಿ?" ಎಂದಳು. ದನಿ ಇಳಿದಿತ್ತು.

ಪಕ್ಕದ ಮನೆಯ ಗೌರಕ್ಕನ ಕಿಟಕಿ ತೆರೆಯಿತು.

"ನಿಂದ, ಆಪಾ! ಗುರುತ ಸಿಗಲಿಲ್ಲೇನ?" ಇಕ್ಬಾಲ ಹಿಗ್ಗಿನಿಂದ ಡಬ್ಬಿಯ ಮುಚ್ಚಳ ತೆಗೆದ. "ಮೊದಲ ಬಾಯಿ ಸಿಹಿ ಮಾಡ್ಕೋ."

"ನನ್ನ ಮಣ್ಣ ಎಲ್ಲಿ ಹೋತು?"

"ಎಲ್ಲಿ ಹೋಗತೈತಿ? ಒಳಗ ಐತಿ. ಮ್ಯಾಲ ಸಿಮೆಂಟ್ ಹಾಕಿಸೇವಿ, ಒಳಗೂ ಹೊರಗೂ. ಎಲ್ಲಾ ನನ್ನ ದುಕಾನದ್ದ. ಇದು ನನ್ನ ಕಡಿಂದ ನಿನಗ ಕಾಣಿಕಿ ಅಂತ ತಿಳ್ಕೋ."

ಈ ಮನೆ ನಜ್ಮಾಳಿಗೆ ಯಾಕೆ ಬೇಕಾಯಿತು ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಓಣಿಯವರ ಹಾಗೆ ನೀವೂ ಅವಳ ತಲೆ ಕೆಟ್ಟಿದೆ ಎಂದುಕೊಳ್ಳುತ್ತೀರಿ.

ಗಂಡ ಶಾಕೀರ ತೀರಿಕೊಂಡ ಮೇಲೆ ನಜ್ಮಾ ತಾರಿಹಾಳದ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತ ಮಗಳನ್ನು ಬೆಳೆಸಿದವಳು. ಕಾರ್ಖಾನೆಗಳ ಕೂಲಿ ಜನರೆಲ್ಲ ಅಲ್ಲಿಯೇ ಉಣ್ಣುವವರು. ಹಗಲೆಲ್ಲ ಒಲೆಯ ಮುಂದೆ, ತಲೆಯ ಮೇಲೆ ತಗಡು. ಕೆಲಸ ಮುಗಿಸಿ ಬಾಡಿಗೆ ಖೋಲಿಗೆ ಬಂದರೆ ಅಲ್ಲೂ ತಲೆಯ ಮೇಲೆ ತಗಡೇ. ಬೇಸಗೆಯಲ್ಲಿ ತಾಯಿ ಮಗಳು ಹಾಸಿಗೆಯ ಮೇಲೆ ನೀರು ಚಿಮುಕಿಸಿಕೊಂಡು ಮಲಗುತ್ತಿದ್ದರು. ರೊಟ್ಟಿಯನ್ನಾದರೂ ಬೆಂದ ಮೇಲೆ ಹಂಚಿನಿಂದ ಇಳಿಸುತ್ತಾರೆ, ನಮ್ಮನ್ನು ಇಳಿಸುವವರು ಯಾರೂ ಇಲ್ಲ ಎಂದು ಅವಳು ಆಗಾಗ ಅನ್ನುವುದಿತ್ತು.

ಶರೀಫಸಾಬ ಮಣ್ಣಿನ ಕೆಲಸದವನು. ಹರೆಯದಲ್ಲಿ ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಅವನು ಕಟ್ಟಿದ ಮಾಳಿಗೆ ಮನೆಗಳಿಗೆ ಲೆಕ್ಕವಿರಲಿಲ್ಲ. ಆಮೇಲೆ ಸಿಮೆಂಟು ಬಂತು, ಅವನ ಕೈಗೆ ಕೆಲಸ ತಪ್ಪಿತು. ಬೇರೆ ಗೌಂಡಿಗಳ ಕೈಕೆಳಗೆ ಬುಟ್ಟಿ ಹೊತ್ತು ಮುದುಕನಾದ. ಆಗ, ಎಲ್ಲ ಮುಗಿಯಿತು ಎನ್ನುವ ಹೊತ್ತಿಗೆ, ನವನಗರದ ಒಬ್ಬ ಹತ್ತಿ ವ್ಯಾಪಾರಿಗೆ ಮಣ್ಣಿನ ಮನೆಯ ಹುಚ್ಚು ಹಿಡಿಯಿತು. ಕಾರು ಕಳಿಸಿ ಶರೀಫಸಾಬನನ್ನು ಕರೆಸಿಕೊಂಡರು. ಮಾಸ್ತರ ಎಂದು ಕರೆದರು. ನೋಡಲು ಬಂದವರೆಲ್ಲ ಗೋಡೆಯ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಕೆಸರು ಮೆತ್ತಿದ ಅವನ ಕೈಗಳ ಫೋಟೋವನ್ನಂತೂ ದೊಡ್ಡದು ಮಾಡಿಸಿ ಚೌಕಟ್ಟು ಹಾಕಿ ಪಡಸಾಲೆಯಲ್ಲಿ ತೂಗುಹಾಕಿದರು. ಇಷ್ಟು ದಿನ ಆ ಕೈ ಎಲ್ಲಿ ಬುಟ್ಟಿ ಹೊರುತ್ತಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಆ ಮನೆಗೆ ಅಪ್ಪನ ಬುತ್ತಿ ಕೊಡಲು ನಜ್ಮಾ ಹಿಂದಿನ ವರ್ಷ ಒಮ್ಮೆ ಏಪ್ರಿಲ್ ಬಿಸಿಲಲ್ಲಿ ಹೋಗಿದ್ದಳು. ಒಳಗೆ ಕಾಲಿಟ್ಟವಳು ಮೊದಲು ಫ್ಯಾನು ಎಲ್ಲಿದೆ ಎಂದು ಹುಡುಕಿದಳು. ಫ್ಯಾನೇ ಇರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ಕೂತಳು. ಕೂತಲ್ಲೇ ನಿದ್ದೆ ಹೋದಳು. ಬುತ್ತಿ ಕೊಡಲು ಬಂದವಳನ್ನು ಅಪ್ಪನೇ ಉಂಡು ಕೈತೊಳೆದು ಬಂದು ಎಬ್ಬಿಸಬೇಕಾಯಿತು.

"ಅಬ್ಬಾ, ನನಗೂ ಇಂಥಾದ್ದೊಂದ ಕಟ್ಟಿಕೊಡು," ಎಂದಳು ಕಣ್ಣುಜ್ಜಿಕೊಳ್ಳುತ್ತ.

ಶರೀಫಸಾಬ ನಕ್ಕುಬಿಟ್ಟಿದ್ದ. "ಇದು ದೊಡ್ಡವರ ಶೋಕಿ ಬೇಟಿ. ನಾವ ಮಣ್ಣಾಗ ಇದ್ರ ಅದಕ್ಕ ಬ್ಯಾರೇನ ಹೆಸರೈತಿ."

ನಜ್ಮಾ ಬಿಡುವ ಪೈಕಿಯಲ್ಲ. ಉಣಕಲ್ಲಿನ ಹಳೆ ಊರಲ್ಲಿ ಶಾಕೀರನ ಪಾಲಿಗೆ ಬಂದ ಎರಡು ಖೋಲಿಯಷ್ಟು ಜಾಗ ಖಾಲಿ ಬಿದ್ದಿತ್ತು. ಅದರ ಪಕ್ಕದಲ್ಲೇ ಗೌರಕ್ಕನ ಮಗ ಅಮರೇಶ ತಮ್ಮ ಅಜ್ಜನ ಕಾಲದ ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುತ್ತಿದ್ದ. ಆ ಮಣ್ಣನ್ನು ತಗ್ಗು ಮುಚ್ಚಲು ಒಯ್ಯುತ್ತಿದ್ದ ಟ್ರ್ಯಾಕ್ಟರಿನ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತು, ಎಲ್ಲವನ್ನೂ ತನ್ನ ಜಾಗದಲ್ಲೇ ಸುರಿಸಿಕೊಂಡಳು. ಮಳೆ ಬಿಸಿಲು ಉಂಡು ಹಣ್ಣಾದ ಮಣ್ಣು ಅದು. ಗೌರಕ್ಕ ಎರಡು ಚೀಲ ಜೋಳದ ಹೊಟ್ಟನ್ನೂ ಕೊಟ್ಟಳು. "ಊರೆಲ್ಲಾ ಮಣ್ಣ ಬಿಟ್ಟ ಸಿಮೆಂಟಿಗೆ ಹೊಂಟೈತಿ, ನೀ ಒಬ್ಬಾಕಿ ಹಿಂದಕ್ಕ ಹೊಂಟಿ ನೋಡು," ಎಂದು ಗೇಲಿ ಮಾಡುತ್ತಲೇ ಕೊಟ್ಟಳು.

ಖಾನಾವಳಿಯ ಕೆಲಸ ಮುಗಿಸಿ ನಜ್ಮಾ, ಮೆಡಿಕಲ್ ಅಂಗಡಿಯ ಕೆಲಸ ಮುಗಿಸಿ ಬುಶ್ರಾ, ಸಂಜೆ ಸಂಜೆ ಮಣ್ಣು ತುಳಿದರು. ಶರೀಫಸಾಬ ಗೋಡೆ ಏರಿಸಿದ. ಕೆಳಗೆ ಕಲ್ಲಿನ ಬುನಾದಿ, ಮೇಲೆ ಮೊಳದಗಲದ ಮಣ್ಣಿನ ಗೋಡೆ, ಅದರ ಮೇಲೆ ಯಾರೋ ತೆಗೆದುಹಾಕಿದ ಮಂಗಳೂರು ಹಂಚು. ಕೆರೆಯ ಗಾಳಿ ಬರುವ ಕಡೆಗೆ ತಗ್ಗಿನಲ್ಲಿ ಕಿಟಕಿ, ಕಾದ ಗಾಳಿ ಹೊರಗೆ ಹೋಗಲು ಎತ್ತರದಲ್ಲಿ ಬೆಳಕಿಂಡಿಗಳು. ಕೊನೆಯ ಗಿಲಾವು ಹಿಡಿದುಕೊಳ್ಳಲಿ ಎಂದು ತಾಯಿ ಮಗಳು ಹಸಿ ಗೋಡೆಯ ಮೇಲೆ ಬೆರಳಿನಿಂದ ಗೆರೆ ಎಳೆದರು. ಗೋಡೆ ಪೂರ್ತಿ ಒಣಗಿದ ಮೇಲೆ ಆ ಗಿಲಾವನ್ನು ಅಪ್ಪ ಮಣ್ಣಿನಿಂದಲೇ ಬಳಿಯಬೇಕು, ಅಷ್ಟರಲ್ಲಿ ತಾನು ಗದಗಿನಿಂದ ಬರುತ್ತೇನೆ ಎನ್ನುವುದು ಮಾತಾಗಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ. ಕಟ್ಟುವುದನ್ನಂತೂ ನೋಡಿದೆ ಎಂದು ಗೆದ್ದವಳ ಹಾಗೆ ಬಸ್ಸು ಹತ್ತಿದ್ದಳು.

ಈಗ ಆ ಗೋಡೆಯ ಮುಂದೆ ನಿಂತು ಅಂಗೈ ಊರಿದಳು. ಬಿಸಿಲಿಗೆ ಕಾದ ಸಿಮೆಂಟು ಅಂಗೈ ಸುಟ್ಟಿತು. ತಲೆಯೆತ್ತಿ ನೋಡಿದಳು. ಬೆಳಕಿಂಡಿಗಳು ಇರಲಿಲ್ಲ.

"ಗುಬ್ಬಿ ಗೂಡ ಕಟ್ಟತಾವಂತ ಗೌಂಡಿ ಮುಚ್ಚಿಬಿಟ್ಟಾನ," ಎಂದ ಇಕ್ಬಾಲ. ಅವನ ಕೈಯಲ್ಲಿನ ಮಿಠಾಯಿ ಡಬ್ಬಿ ಈಗ ಸ್ವಲ್ಪ ಕೆಳಗಿಳಿದಿತ್ತು.

ನಜ್ಮಾ ತಮ್ಮನ ಕಡೆ ನೋಡಲೇ ಇಲ್ಲ. ಸಿಮೆಂಟು ಮಾರುವವನು ಸಿಮೆಂಟನ್ನೇ ಕೊಡುತ್ತಾನೆ, ಅವನಿಗೆ ಏನು ಹೇಳುವುದು. ಅವಳು ಅಪ್ಪನ ಮುಂದೆ ಹೋಗಿ ನಿಂತಳು.

"ಗೌಂಡಿ ಸಿಮೆಂಟ್ ಕಲಸೂ ಮುಂದ ನೀ ಎಲ್ಲಿದ್ದಿ ಅಬ್ಬಾ?"

"ಇಲ್ಲೇ ಇದ್ನಿ."

"ಗ್ವಾಡಿ ಹಸಿ ಇತ್ತು."

"ಹೂಂ."

"ಹಸಿ ಗ್ವಾಡಿಗೆ ಸಿಮೆಂಟ್ ಬಡದ್ರ ನೀರ ಎಲ್ಲಿಂದ ಹೊರಗ ಬರತೈತಿ? ಒಳಗ ಕುಂತ ಗ್ವಾಡಿ ತಿಂತೈತಿ ಅಂತ ನೀನ ನನಗ ಹೇಳಿದ್ದಿ. ಹೇಳಿದ್ದಿಲ್ಲೋ?"

ಶರೀಫಸಾಬ ಹೊಸ ಟೊಪ್ಪಿಗೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಪಕ್ಕಾ ಆತಲ್ಲ ಬೇಟಿ," ಎಂದ. "ಇನ್ನ ಯಾರೂ ಏನೂ ಅನ್ನಂಗಿಲ್ಲ."

ಪರರು ಮಾಡಿದ್ದರೆ ನಜ್ಮಾ ಅವರ ಮನೆಯ ಮುಂದೆ ಹೋಗಿ ಮೂರು ತಲೆಮಾರನ್ನು ಜಾಲಾಡಿ ಬರುತ್ತಿದ್ದಳು. ಮಣ್ಣನ್ನು ಬಲ್ಲವನು, ಮಣ್ಣನ್ನು ತನಗೆ ಕಲಿಸಿದವನು, ತನ್ನ ಹೆತ್ತಪ್ಪ ಕಣ್ಣೆದುರಿಗೆ ನಿಂತು ಮಾಡಿಸಿದ್ದಾನೆ. ಈ ಸಿಟ್ಟನ್ನು ಎಲ್ಲಿ ಇಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಮಿಠಾಯಿ ಮುಟ್ಟದೆ ಒಳಗೆ ಹೋದಳು.

ಬಾಡಿಗೆ ಖೋಲಿಯನ್ನು ಬಿಟ್ಟುಕೊಟ್ಟಾಗಿತ್ತು. ಬೇರೆ ದಾರಿಯಿಲ್ಲದೆ ಅದೇ ಮನೆಯಲ್ಲಿ ಒಲೆ ಹೂಡಿದಳು. ಅಪ್ಪನ ತಾಟನ್ನು ಮಾತಿಲ್ಲದೆ ಮುಂದೆ ಇಡುವಳು, ಮಾತಿಲ್ಲದೆ ಎತ್ತುವಳು. ಶರೀಫಸಾಬ ಉಪ್ಪು ಬೇಕಾದರೆ ಮೊಮ್ಮಗಳನ್ನು ಕೇಳುವನು. ಬೆಳಕಿಂಡಿಯಿಲ್ಲದ ಮನೆಯೊಳಗೆ ಹಗಲಿನ ಕಾವು ಹೊರಹೋಗದೆ ಉಳಿಯುತ್ತಿತ್ತು. ಇಕ್ಬಾಲ ಒಂದು ಫ್ಯಾನು ತಂದು ಹಾಕಿಸಿದ. ಫ್ಯಾನು ಬೇಡದ ಮನೆ ಬೇಕೆಂದು ಮಣ್ಣು ತುಳಿದವಳು ಆ ಫ್ಯಾನಿನ ಕೆಳಗೆ ಕೂತು ಬೆವರುತ್ತಿದ್ದಳು. ಅದು ತಿರುಗಿದಷ್ಟು ಸಲವೂ ಅವಳಿಗೆ ಹೊಸದಾಗಿ ಸಿಟ್ಟು ಬರುತ್ತಿತ್ತು.

ಜೂನಿನಲ್ಲಿ ಮಿರಗ ಮಳೆ ಬಂತು. ಎರಡನೆಯ ಮಳೆಗೇ ಪಡಸಾಲೆಯ ಗೋಡೆಯ ಬುಡದಲ್ಲಿ ಪಿಸ್ತಾ ಬಣ್ಣ ಕಪ್ಪಾಯಿತು. ಮೊದಲು ಗೇಣುದ್ದ, ಆಮೇಲೆ ಮೊಳದುದ್ದ. ಕಿಟಕಿಯ ಮೂಲೆಯಲ್ಲಿ ಬಿಟ್ಟ ಬಿರುಕಿನಿಂದ ನೀರು ಒಳಗೆ ಹೋಗುತ್ತಿತ್ತು. ಹೋದ ನೀರಿಗೆ ಹೊರಬರುವ ದಾರಿ ಇರಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಸಿಮೆಂಟಿನ ಪದರು ಒಳಗೆ ಕದಲುವುದು ತಿಳಿಯುತ್ತಿತ್ತು. ಮುಗ್ಗಲು ವಾಸನೆ ಬಟ್ಟೆಗೂ ಹತ್ತಿತು.

"ಮ್ಯಾಲ ಥಳಕು, ಒಳಗ ಹುಳಕು ಅಂತಾರಲ್ಲ, ಹಂಗಾತ ನೋಡ ನಿನ್ನ ಮನಿ," ಎಂದಳು ಗೌರಕ್ಕ, ಬಂದು ಮೂಸಿ ನೋಡಿ. ಆಕೆಯ ಮಾತಿನಲ್ಲಿ ಗೇಲಿಗಿಂತ ಮರುಕವೇ ಹೆಚ್ಚಿತ್ತು. "ಆರಿದ್ರಾ ಮಳಿ ಹಿಡದ ಹೊಡದ್ರ ಈ ಗ್ವಾಡಿ ತಡಿಯಂಗಿಲ್ಲ ನಜ್ಮಾ. ಲಗೂ ಏನರ ಮಾಡು."

ಮರುದಿನ ಬೆಳಗಿನ ಜಾವ ನೀರಿಗೆಂದು ಎದ್ದ ನಜ್ಮಾ ಪಡಸಾಲೆಯ ಬಾಗಿಲಲ್ಲೇ ನಿಂತುಬಿಟ್ಟಳು. ಶರೀಫಸಾಬ ಮಂಡಿಯೂರಿ ಗೋಡೆಗೆ ಕಿವಿ ಹಚ್ಚಿದ್ದ. ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದು ಬಡಿದು ಕೇಳುತ್ತಿದ್ದ. ಟೊಳ್ಳು ಸದ್ದು ಅವಳಿಗೂ ಕೇಳಿಸಿತು. ಮಗಳನ್ನು ಕಂಡದ್ದೇ ಟವೆಲಿನಿಂದ ಗೋಡೆ ಒರೆಸುವ ಹಾಗೆ ಮಾಡಿದ.

ಅಂದರೆ ಅವನಿಗೂ ಗೊತ್ತಿದೆ! ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಅವಳು ಇಟ್ಟ ರೊಟ್ಟಿ ತಿನ್ನುತ್ತಿದ್ದಾನೆ. ನಜ್ಮಾ ಸೀದಾ ಹೋಗಿ ಅಪ್ಪನ ಚೀಲದಿಂದಲೇ ಸುತ್ತಿಗೆ, ಉಳಿ ತಂದಳು.

"ಆ ಕಡೆ ಸರಿ," ಎಂದಳು ಮೆಲ್ಲಗೆ.

ಶರೀಫಸಾಬ ಗೋಡೆಗೆ ಬೆನ್ನು ಹಚ್ಚಿ ನಿಂತ. "ಈಗ ಬ್ಯಾಡ ಬೇಟಿ. ಐತವಾರ ತನಕಾ ತಡಿ."

ಐತವಾರ ಹಳೇ ಹುಬ್ಬಳ್ಳಿಯಿಂದ ಬುಶ್ರಾಳನ್ನು ನೋಡಲು ಬರುವವರಿದ್ದರು. ಮೆಡಿಕಲ್ ಅಂಗಡಿಯ ಫ್ರಿಜ್ ರಿಪೇರಿಗೆ ಬರುತ್ತಿದ್ದ ಮುನೀರ ಎಂಬ ಹುಡುಗ. ಮಾತು ಓಡಾಡಿಸಿದವನು ಇಕ್ಬಾಲ. ಬುಶ್ರಾ ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಆದರೆ ಆ ಹೆಸರು ಬಂದಾಗಲೆಲ್ಲ ಕೆಲಸವಿಲ್ಲದಿದ್ದರೂ ಎದ್ದು ಒಳಗೆ ಹೋಗುತ್ತಿದ್ದಳು.

"ಅವರ ಬರೂದಕ್ಕೂ ನನ್ನ ಗ್ವಾಡಿಗೂ ಏನ ಸಂಬಂಧ?"

"ಐತಿ," ಎಂದ ಶರೀಫಸಾಬ. "ಸಂಬಂಧ ಐತಿ. ಕುಂದರು, ಹೇಳತೇನಿ."

ನಜ್ಮಾ ಕೂರಲಿಲ್ಲ. ಅವನು ನಿಂತೇ ಹೇಳಿದ. ಅವಳು ಗದಗಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಆಟೋದಲ್ಲಿ ಇಬ್ಬರು ಹೆಂಗಸರು ಬಂದಿದ್ದರಂತೆ, ಹುಡುಗನ ತಾಯಿ ಮತ್ತು ಅವನ ಸೋದರತ್ತೆ. ಹೆಣ್ಣು ನೋಡುವ ಮೊದಲು ಹೇಳದೆ ಕೇಳದೆ ಮನೆ ನೋಡಿಕೊಂಡು ಹೋಗುವ ರೂಢಿ ಇದೆಯಲ್ಲ, ಹಾಗೆ. ಶರೀಫಸಾಬ ಕಟ್ಟೆಗೆ ಮಣ್ಣು ಮೆತ್ತುತ್ತಿದ್ದ. ನಜ್ಮಾಬಿಯವರ ಮನೆ ಯಾವುದು ಎಂದು ಕೇಳಿದರು. ಇದೇ ಎಂದ. ಇದೇ? ಎಂದು ಎರಡು ಸಲ ಕೇಳಿದರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅವನು ಓಡಿಹೋಗಿ ಕೈ ತೊಳೆದು ತಂಬಿಗೆಯಲ್ಲಿ ನೀರು ತಂದ. ಎಷ್ಟು ತೊಳೆದರೂ ಉಗುರಿನ ಸಂದಿಯ ಮಣ್ಣು ಹೋಗುವುದಿಲ್ಲ. ಅವರಲ್ಲಿ ಹಿರಿಯಳಾದ ಸೋದರತ್ತೆ ಅವನ ಕೈ ನೋಡಿ, ನೀರು ಬೇಡ ಎಂದಳು. ಆಟೋ ಹತ್ತುವಾಗ ಇನ್ನೊಬ್ಬಳಿಗೆ ಹೇಳಿದ್ದು ಅವನಿಗೂ ಕೇಳಿಸಿತು.

"ಏನಂದ್ಲು?"

"ಇಂಥಾ ಗೂಡಿನ್ಯಾಗಿಂದ ಸೊಸಿ ತರೂ ಹಣೇಬಾರ ನಮಗ ಬಂದಿಲ್ಲ ಅಂದ್ಲು." ಶರೀಫಸಾಬ ತನ್ನ ಅಂಗೈಗಳನ್ನು ತಾನೇ ನೋಡಿಕೊಂಡ. "ನವನಗರದಾಗ ಇದ ಕೈ ಫೋಟೋ ತಗದ ಗ್ವಾಡಿಗೆ ಹಾಕ್ಯಾರ. ಇಲ್ಲಿ ಇದ ಕೈಯಾಗಿನ ನೀರ ಕುಡೀಲಿಲ್ಲ. ಇಕ್ಬಾಲಗ ನಾನ ಹೇಳಿದೆ, ಸಿಮೆಂಟ್ ಹಾಕಿಸಪಾ ಅಂತ. ಹಾಕಿಸಿ ಪಕ್ಕಾ ಆಗೈತಿ ಅಂತ ಹೇಳಿ ಕಳಿಸಿದ ಮ್ಯಾಲನ ಅವರ ತಿರಗಿ ಒಪ್ಯಾರ."

ಹಳೇ ಹುಬ್ಬಳ್ಳಿಗೆ ಈಗಲೇ ಹೋಗಿ ಆ ಹೆಂಗಸಿನ ಬಾಗಿಲಲ್ಲಿ ನಿಲ್ಲಬೇಕು ಎನ್ನಿಸಿತು ನಜ್ಮಾಳಿಗೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಅವರ ಮನಿ ಮುಂದ ಹೋಗಿ ನಿಂದರತಿದ್ದಿ."

"ನಿಂದರತಿದ್ನಿ!"

"ಹುಡುಗ ಬುಶ್ರಾನ ಮನಸಿಗೆ ಬಂದಾನ ನಜ್ಮಾ."

ಜಗತ್ತಿನಲ್ಲಿ ಯಾರ ಜೊತೆ ಬೇಕಾದರೂ ಹೊಡೆದಾಡಬಲ್ಲ ಹೆಂಗಸು ಮಗಳ ಮನಸ್ಸಿನ ಜೊತೆ ಹೊಡೆದಾಡುವುದು ಹೇಗೆ? ಗೋಡೆ ಒಡೆದರೆ ಸಂಬಂಧ ಒಡೆಯುತ್ತದೆ, ಒಡೆಯದಿದ್ದರೆ ಗೋಡೆಯೇ ಕುಸಿಯುತ್ತದೆ. ಐತವಾರದ ತನಕ ಗೋಡೆ ತಡೆದರೆ ಸಾಕು ಎಂದುಕೊಂಡು ಸುತ್ತಿಗೆಯನ್ನು ಮಂಚದ ಕೆಳಗೆ ಎಸೆದಳು. ಬುಶ್ರಾಳಿಗೆ ಇದಾವುದನ್ನೂ ಹೇಳಬಾರದು ಎಂದು ಅಪ್ಪ ಮಗಳು ಮಾತಾಡಿಕೊಂಡರು. ಬಹಳ ದಿನಗಳ ಮೇಲೆ ಅವರಿಬ್ಬರ ನಡುವೆ ಆದ ಮೊದಲ ಒಪ್ಪಂದ ಅದು, ಅದೂ ಒಂದು ಸುಳ್ಳಿನ ಸಲುವಾಗಿ.

ಐತವಾರ ಬೆಳಗಿನಿಂದಲೇ ಮಳೆ. ಇಕ್ಬಾಲ ತನ್ನ ಮನೆಯ ಸೋಫಾ ತಂದು ಕಪ್ಪಾದ ಗೋಡೆಗೆ ಅಡ್ಡ ಇಟ್ಟ. ಸೋಫಾ ಮುಚ್ಚದಷ್ಟು ಎತ್ತರಕ್ಕೆ ಏರಿದ್ದ ಕಲೆಗೆ ಹೂವಿನ ಪಡದೆ ಇಳಿಬಿಟ್ಟ. ವಾಸನೆ ತಿಳಿಯದಿರಲೆಂದು ಊದುಬತ್ತಿಯ ಕಟ್ಟನ್ನೇ ಹಚ್ಚಿದ. ಕಳ್ಳಮಾಲು ಬಚ್ಚಿಡುವವರ ಹಾಗೆ ತಮ್ಮ ಮನೆಯನ್ನು ತಾವೇ ಬಚ್ಚಿಡುತ್ತಿರುವುದನ್ನು ನೋಡಿ ನಜ್ಮಾ ಹಲ್ಲು ಕಚ್ಚಿಕೊಂಡು ಮಂಡಕ್ಕಿ ಸುಸಲಾ ಮಾಡಿದಳು.

ಮಧ್ಯಾಹ್ನ ಮಳೆ ಹೊಳವಾದಾಗ ಅವರು ಬಂದರು. ಹುಡುಗನ ತಾಯಿ ಜರೀನಾ ಮಾತು ಕಡಿಮೆಯ ಹೆಂಗಸು. ಸೋದರತ್ತೆ ಹುಸೇನಬಿ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವವಳು. ಸೋಫಾದ ಮೇಲೆ ಆರಾಮಾಗಿ ಕೂತು ಸುಸಲಾ ತಿಂದಳು, ಚಹಾ ಕುಡಿದಳು, ಬುಶ್ರಾಳ ಗದ್ದ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿದಳು. ಶರೀಫಸಾಬ ಬಿಳಿ ಪೈಜಾಮ ಜುಬ್ಬಾ, ಹೊಸ ಟೊಪ್ಪಿಗೆಯಲ್ಲಿ ಮೂಲೆಯ ಕುರ್ಚಿಯ ಮೇಲೆ ಕೂತಿದ್ದ. ಕೈಗಳನ್ನು ಜುಬ್ಬಾದ ಜೇಬಿನಿಂದ ಹೊರಗೆ ತೆಗೆದಿರಲಿಲ್ಲ.

"ಈಗ ನೋಡ್ರಿ, ಮನಿ ಮನಿಯಂಗ ಕಾಣತೈತಿ," ಎಂದಳು ಹುಸೇನಬಿ ಗೋಡೆಯ ಮೇಲೆ ಕಣ್ಣಾಡಿಸುತ್ತ. "ಆವತ್ತ ಬಂದಾಗ ನನ್ನ ಎದಿ ಧಸಕ್ಕಂದಿತ್ರಿ. ಯಾರೋ ಒಬ್ಬ ಮುದುಕ ಮೈಯೆಲ್ಲಾ ರಾಡಿ ಮಾಡಿಕೊಂಡ ಕುಂತಿದ್ದ. ನೀರ ಬ್ಯಾರೆ ತಂದ ಕೊಡಾಕ ಬಂದ! ಆ ಗ್ವಾಡಿ ನೋಡಿದ್ರ ಒಂದ ಮಳಿಗೆ ಕರಗಿ ಹೋಗೂವಂಗಿತ್ತು. ಅಂಥಾವನ ಕೈಯಾಗ ಹ್ಯಾಂಗರ ಮನಿ ಕಟ್ಟಸ್ತಾರೋ ಮಂದಿ."

ಬುಶ್ರಾ ತಲೆಯೆತ್ತಿದಳು. "ಆವತ್ತಂದ್ರ ಯಾವತ್ತ ಬಂದಿದ್ರಿ?"

ಇಕ್ಬಾಲ ಅವಸರದಿಂದ ಸುಸಲಾದ ತಾಟನ್ನು ಹುಸೇನಬಿಯ ಕಡೆ ಸರಿಸಿದ. ಹಾಳಾಗಿ ಹೋಗಲಿ, ಎಲ್ಲವೂ ಹಾಳಾಗಿ ಹೋಗಲಿ ಎಂದುಕೊಂಡು ನಜ್ಮಾ ಬಾಯಿ ತೆರೆದಳು. ಅವಳ ಬಾಯಿಂದ ಮಾತು ಹೊರಡುವ ಮೊದಲೇ ಮೂಲೆಯ ಕುರ್ಚಿ ಕಿರುಗುಟ್ಟಿತು.

"ಆ ಮುದುಕ ನಾನ್ರಿ," ಎಂದ ಶರೀಫಸಾಬ.

ಹುಸೇನಬಿಯ ಕೈ ಚಹಾದ ಕಪ್ಪಿನ ಮೇಲೆಯೇ ಉಳಿಯಿತು.

"ಮಳಿಗೆ ಕರಗೂ ಗ್ವಾಡಿ ನಾ ಇನ್ನೂ ತನಕಾ ಕಟ್ಟಿಲ್ರಿ. ಹರೇದಾಗ ಕಟ್ಟಿದ ಮನಿ ಇನ್ನೂ ನಿಂತಾವ, ಬೇಕಂದ್ರ ಕರಕೊಂಡ ಹೋಗಿ ತೋರಸ್ತೇನಿ. ಕರಗೂ ಗ್ವಾಡಿ ನೋಡೂದಿದ್ರ ಇಲ್ಲೇ ಐತಿ. ಸ್ವಲ್ಪ ಏಳ್ರಿ."

ಜೀವಮಾನದಲ್ಲಿ ಯಾರ ಎದುರಿಗೂ ದನಿಯೆತ್ತದ ಮನುಷ್ಯ. ಗೌಂಡಿಗಳು ಬೈದರೂ ಬುಟ್ಟಿ ಹೊತ್ತವನು. ಅವನ ದನಿ ಕೇಳಿ ಹುಸೇನಬಿ ಎದ್ದೇಬಿಟ್ಟಳು. ಅವನು ಸೋಫಾವನ್ನು ಒಂದು ಬದಿಗೆ ಎಳೆದ, ಪಡದೆ ಕಿತ್ತ. ಬಾಗಿ ಮಂಚದ ಕೆಳಗಿನಿಂದ ಸುತ್ತಿಗೆ ತೆಗೆದ.

"ಅಬ್ಬಾ!" ಎಂದು ಚೀರಿದ ಇಕ್ಬಾಲ. "ಹುಚ್ಚ ಹಿಡದೈತೇನ ನಿನಗ?"

ಒಂದೇ ಏಟು. ಪಿಸ್ತಾ ಬಣ್ಣದ ಸಿಮೆಂಟಿನ ಹಾಳೆ, ತಾಟಿನಗಲದ್ದು, ಕಳಚಿ ಸೋಫಾದ ಮೇಲೆ ಬಿತ್ತು. ಇನ್ನೊಂದು ಏಟಿಗೆ ಅದರ ಎರಡರಷ್ಟು. ಒಳಗಿನಿಂದ ಕೆರೆಯ ದಂಡೆಯ ವಾಸನೆ ಹೊರಗೆ ಬಂತು. ಮಣ್ಣು ನೀರು ಕುಡಿದು ಕಪ್ಪಾಗಿತ್ತು. ಆದರೆ ಅದರ ಮೇಲೆ ಬೆರಳಿನ ಗೆರೆಗಳು ಇನ್ನೂ ಉಳಿದಿದ್ದವು. ನಜ್ಮಾಳವು ಅಗಲ, ಬುಶ್ರಾಳವು ಸಣ್ಣ. ಬುಶ್ರಾ ಅವನ್ನು ನೋಡುತ್ತ ನಿಂತಳು.

"ಇದನ್ನ ಹಾಳ ಮಾಡಿದಾಂವ ನಾನ," ಎಂದ ಶರೀಫಸಾಬ ಏದುಸಿರು ಬಿಡುತ್ತ, ಹುಸೇನಬಿಗೆ ಅಲ್ಲ, ನಜ್ಮಾಳಿಗೆ. "ಇವರ ಒಂದ ಮಾತಿಗೆ ಹೆದರಿ, ನನ್ನ ಕೆಲಸಕ್ಕ ನಾನ ನಾಚಿ, ಹಾಳ ಮಾಡಿದೆ."

ಹುಸೇನಬಿ ಬುರ್ಖಾದ ಮೇಲಿನ ಧೂಳು ಜಾಡಿಸುತ್ತ ಬಾಗಿಲಿಗೆ ಹೋದಳು. "ಎಂಥಾ ಮಂದಿರೀ ಇವರು! ನಡಿ ಜರೀನಾ, ನಡಿ!"

"ನಾ ಗದಗಿನ್ಯಾಗ ಇದ್ದಾಗ ಬಂದಿದ್ರು," ಎಂದಳು ನಜ್ಮಾ ಮಗಳಿಗೆ. ಇನ್ನು ಮುಚ್ಚಿಡುವುದು ಏನೂ ಉಳಿದಿರಲಿಲ್ಲ. "ನಿನ್ನ ನಾನಾ ನೀರ ಕೊಟ್ರ ಅವನ ಕೈಯಾಗಿನ ಮಣ್ಣ ನೋಡಿ ಕುಡೀಲಾರದ ಹೋದ್ರು. ಅದಕ್ಕ ಈ ಸಿಮೆಂಟ. ನಿನ್ನ ಸಲುವಾಗಿ."

"ನನ್ನ ಸಲುವಾಗಿ," ಎಂದಳು ಬುಶ್ರಾ. "ನನಗ ಒಂದ ಮಾತ ಕೇಳಲಾರದ, ನನ್ನ ಸಲುವಾಗಿ." ಅವಳ ದನಿಯೂ ತಾಯಿಯದರ ಹಾಗೆಯೇ ಇಳಿದಿತ್ತು. ನಜ್ಮಾ ಅದನ್ನು ಮೊದಲ ಸಲ ಕೇಳಿದಳು.

ಬುಶ್ರಾ ಒಳಗೆ ಹೋದಳು. ಅಳಲು ಹೋದಳೆಂದುಕೊಂಡರೆ ತಂಬಿಗೆ ತುಂಬ ನೀರು ಹಿಡಿದು ಬಂದಳು. ಅದನ್ನು ಅಜ್ಜನ ಕೈಗೆ ಕೊಟ್ಟಳು. ಗೋಡೆಯ ಹಸಿ ಮಣ್ಣು ಮೆತ್ತಿದ್ದ ಅವನ ಕೈಯ ಗುರುತು ಹಿತ್ತಾಳೆಯ ಮೇಲೆ ಮೂಡಿತು. ಅವನ ಭುಜ ಹಿಡಿದು ಬಾಗಿಲಿಗೆ ಕರೆತಂದಳು. ಹುಸೇನಬಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದಳು.

"ಕುಡೀರಿ ಫುಫು," ಎಂದಳು ಬುಶ್ರಾ. "ಆವತ್ತಿಂದ ಹಂಗ ಉಳದೈತಿ."

ಹುಸೇನಬಿ ತಂಬಿಗೆ ನೋಡಿದಳು, ಅದನ್ನು ಹಿಡಿದ ಕೈ ನೋಡಿದಳು. ಇನ್ನೊಂದು ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ರಾಡಿ ತುಳಿಯುತ್ತ ಆಟೋದ ಕಡೆ ನಡೆದಳು. ಜರೀನಾ ಹೊಸ್ತಿಲಲ್ಲೇ ನಿಂತಿದ್ದಳು. ಹುಸೇನಬಿಯ ಬೆನ್ನು ನೋಡಿದಳು, ಒಳಗಿನ ಒಡೆದ ಗೋಡೆ ನೋಡಿದಳು. ಆಮೇಲೆ ಕೈ ಚಾಚಿ ಶರೀಫಸಾಬನಿಂದ ತಂಬಿಗೆ ತೆಗೆದುಕೊಂಡು, ಎತ್ತಿ ಗಟಗಟ ಕುಡಿದಳು. ತುಟಿ ಒರೆಸಿಕೊಂಡು, ತಂಬಿಗೆಯನ್ನು ಅವನ ಕೈಗೇ ಕೊಟ್ಟು ಹೋದಳು.

ಅವಳು ಕುಡಿದದ್ದರ ಅರ್ಥ ಏನೆಂದು ಯಾರಿಗೂ ಗೊತ್ತಾಗಲಿಲ್ಲ. ಬುಶ್ರಾ ತಿಳಿದುಕೊಳ್ಳಲು ಕಾಯಲೂ ಇಲ್ಲ. ಒಳಗೆ ಬಂದು ನೆಲದ ಮೇಲೆ ಬಿದ್ದಿದ್ದ ಸುತ್ತಿಗೆಯನ್ನು ಎತ್ತಿಕೊಂಡು ಗೋಡೆಯ ಮುಂದೆ ನಿಂತಳು.

"ಸಾವಕಾಶ ಬೇಟಿ," ಎಂದ ಶರೀಫಸಾಬ, ಅವಳ ಪಕ್ಕಕ್ಕೆ ಬಂದು. "ಒಳಗ ಮಣ್ಣ ಇನ್ನೂ ಹಸಿ ಐತಿ. ಉಳಿ ಅಡ್ಡ ಹಿಡಿ. ಸಿಮೆಂಟಿಗಷ್ಟ ಬಡಿ."

ಇಕ್ಬಾಲ ಸಿಮೆಂಟಿನ ಚೂರುಗಳ ನಡುವೆ ತನ್ನ ಸೋಫಾವನ್ನು ನೋಡುತ್ತ ನಿಂತಿದ್ದ. ನಜ್ಮಾ ಅವನ ಕಡೆ ತಿರುಗಿದಳು.

"ಏನ ನೋಡ್ಕೋತ ನಿಂತಿಯೋ ಮೂಳ!" ಎಂದು ಒಮ್ಮೆಲೇ ಅಬ್ಬರಿಸಿದಳು. ಹಂಚು ಅದುರುವಂಥ ದನಿ. "ಏಣಿ ತಗೊಂಡ ಬಾ! ಮೊದಲ ಮ್ಯಾಲಿನ ಬೆಳಕಿಂಡಿ ತಗಿ! ಗುಬ್ಬಿ ಬರತಾವಂತ, ಗುಬ್ಬಿ! ಬರಲಿ, ಅವಕ್ಕೂ ಮನಿ ಬ್ಯಾಡೇನ? ಆ ಫ್ಯಾನ್ ಬಿಚ್ಚಿ ಒಯ್ಯಿ ನಿನ್ನ ದುಕಾನಕ್ಕ! ಆರಿದ್ರಾ ಹಿಡಿಯೂದರಾಗ ಈ ಸಿಮೆಂಟ ಒಂದ ಚೂರ ಉಳೀಬಾರದು, ಕೇಳಸ್ತಿಲ್ಲೋ?"

ನಜ್ಮಾ ಮತ್ತೆ ಮಾತಾಡಲು ಸುರು ಮಾಡಿದ್ದಾಳೆ ಎಂದು ತಿಳಿದು, ಗೌರಕ್ಕ ತನ್ನ ಕಿಟಕಿ ಮುಚ್ಚಿಕೊಂಡಳು.